ಬಲ್ಮಠದಿಂದ ಕೊಣಾಜೆಯವರೆಗೆ: ವಿದ್ಯಾಪೀಠದ ತೀರ್ಮಾನಗಳಲ್ಲಿ ಅಧ್ಯಾಪಕರ ಮತ್ತು ವಿದ್ಯಾರ್ಥಿಗಳ ಪಾಲು

ಮಂಗಳೂರು ನಗರದ ಎತ್ತರದ ಪ್ರದೇಶಗಳಲ್ಲೊಂದಾದ ಬಲ್ಮಠದಲ್ಲಿ ಇಂದು ಎರಡು ಬಗೆಯ ಉಚ್ಚ ವಿದ್ಯಾಸಂಸ್ಥೆಗಳಿವೆ. ಒಂದು, ಬಾಸೆಲ್ ಮಿಷನ್ನಿನ ಸೆಮಿನರಿಯಿಂದ ಬೆಳೆದುಬಂದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜು; ಇನ್ನೊಂದು, ಸರ್ಕಾರಿ ಮಹಿಳಾ ಪ್ರಥಮ ದರ್ಜೆ ಕಾಲೇಜು. ಮೊದಲನೆಯದರ ಪದವಿಗೆ ಮುದ್ರೆ ಬೀಳುವುದು ಬಂಗಾಳದ ಸೆರಾಂಪುರದಲ್ಲಿ. ಎರಡನೆಯದರದು ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯದಲ್ಲಿ. ಏನನ್ನು ಓದಿಸಬೇಕು, ಎಷ್ಟು ವರ್ಷ ಓದಿಸಬೇಕು, ಹೇಗೆ ಪರೀಕ್ಷಿಸಬೇಕು ಎಂಬ ಮುಖ್ಯ ವಿಷಯಗಳು ಬಲ್ಮಠದಲ್ಲಿ ನಿಶ್ಚಯವಾಗುವುದಿಲ್ಲ. ಇದು ಇಂದಿನ ಹೊಸ ಸಂಗತಿಯೂ ಅಲ್ಲ. ಇಲ್ಲಿ ಉಚ್ಚ ವಿದ್ಯೆ ಆರಂಭವಾದಂದಿನಿಂದಲೂ ಕಲಿಸುವವನೂ ಕಲಿಯುವವನೂ ಒಂದೆಡೆ, ನಿಶ್ಚಯಿಸುವವನು ಮತ್ತೊಂದೆಡೆ. ಈ ಅಂತರವನ್ನು ಕಿರಿದಾಗಿಸಲು ಕಾಲಕಾಲಕ್ಕೆ ನಡೆದ ಯತ್ನಗಳ ಚರಿತ್ರೆಯನ್ನು ಪ್ರಕೃತ ಲೇಖನದಲ್ಲಿ ವಿಚಾರಿಸಬೇಕೆಂದಿದ್ದೇವೆ.

ಇಂಥ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಆಸನಗಳನ್ನು ಎಣಿಸುತ್ತಾರೆ. ಸೆನೆಟಿನಲ್ಲಿ ಅಧ್ಯಾಪಕರೆಷ್ಟು, ಪದವೀಧರರೆಷ್ಟು, ವಿದ್ಯಾರ್ಥಿಗಳೆಷ್ಟು ಎಂಬ ಲೆಕ್ಕ ಅಧಿನಿಯಮಗಳಲ್ಲಿ ಸುಲಭವಾಗಿ ಸಿಕ್ಕುತ್ತದೆ. ಆದರೆ ಆಸನ ದೊರೆತ ಮಾತ್ರಕ್ಕೆ ಪಾಲು ದೊರೆಯಿತೆನ್ನಲಾಗದು. ಯಾವ ವಿಷಯ ಯಾರ ಮುಂದೆ ಬಂದಿತು, ಯಾವುದು ಬರಲೇ ಇಲ್ಲ ಎಂಬುದು ನಮಗೆ ಹೆಚ್ಚಿನ ಪ್ರಶ್ನೆಯಾಗಿ ಕಾಣುತ್ತದೆ.

ಕನ್ನಡ ನಾಡಿನ ಹಳೆಯ ವಿದ್ಯಾಸ್ಥಾನಗಳ ವಿಷಯದಲ್ಲಿ ಒಂದೆರಡು ಮಾತು ಸಾಕು. ೯೪೫ರ ಸಾಲೊಟಗಿ ಶಾಸನವು ನಾನಾ ದೇಶಗಳಿಂದ ಬಂದ ವಿದ್ಯಾರ್ಥಿಗಳಿಗಾಗಿ ಬಿಟ್ಟ ಭೂಮಿಯನ್ನೂ ಇಪ್ಪತ್ತೇಳು ಮನೆಗಳನ್ನೂ ದೀಪದ ಎಣ್ಣೆಗಾಗಿ ತೆಗೆದಿಟ್ಟ ನೆಲವನ್ನೂ ಹೇಳುತ್ತದೆ. ೧೦೫೮ರ ನಾಗಾವಿಯ ಶಾಸನದಲ್ಲಿ ವೇದ ಕಲಿಯುವ ೨೦೦ ಮಂದಿ, ಶಾಸ್ತ್ರ ಕಲಿಯುವ ೫೦ ಮಂದಿ ಮಾತ್ರವಲ್ಲದೆ ಗ್ರಂಥಗಳನ್ನು ಕಾಯುವ ಆರು ಮಂದಿ ಸರಸ್ವತೀ ಭಂಡಾರಿಗರ ಲೆಕ್ಕವೂ ಇದೆ. ದಾನಿಗಳ ಔದಾರ್ಯ ಎದ್ದು ಕಾಣುತ್ತದೆ. ಓದುವವನ ಊಟ, ದೀಪ, ಸೂರು ಎಲ್ಲವೂ ಅವರ ಚಿತ್ತದಲ್ಲಿದ್ದವು. ಅವನ ಅಭಿಪ್ರಾಯವನ್ನು ಕೇಳುವ ಸಂದರ್ಭ ಮಾತ್ರ ಈ ಶಾಸನಗಳಲ್ಲಿ ಒದಗುವುದಿಲ್ಲ. ಇದಕ್ಕೆ ವಿರುದ್ಧವಾದ ಉದಾಹರಣೆಯನ್ನು ಯುರೋಪಿನ ಮಧ್ಯಯುಗದಲ್ಲಿ ಕಾಣಬಹುದು. ಇಟಲಿಯ ಬೊಲೋನ್ಯದಲ್ಲಿ ವಿದ್ಯಾರ್ಥಿಗಳೇ ಸಂಘಕಟ್ಟಿ ತಮ್ಮೊಳಗಿನಿಂದ ರೆಕ್ಟರನನ್ನು ಆರಿಸಿ, ಹೊತ್ತಿಗೆ ಸರಿಯಾಗಿ ಪಾಠ ಹೇಳದ ಗುರುವಿಗೆ ದಂಡ ಹಾಕುತ್ತಿದ್ದರು. ಪ್ಯಾರಿಸಿನಲ್ಲಿ ಹಾಗಲ್ಲ, ಅಲ್ಲಿ ವಿದ್ಯಾಪೀಠವೆಂದರೆ ಗುರುಗಳ ಕೂಟ. ಭಾರತಕ್ಕೆ ಹತ್ತೊಂಬತ್ತನೆಯ ಶತಮಾನದಲ್ಲಿ ಬಂದ ಯೂನಿವರ್ಸಿಟಿಯಾದರೋ ಇವೆರಡರ ಮಾದರಿಯದೂ ಆಗಿರಲಿಲ್ಲ. ಅದು ಸರ್ಕಾರದ ಕಚೇರಿಯ ಮಾದರಿಯದಾಗಿದ್ದಿತು.

ಆದರೆ ಬಲ್ಮಠಕ್ಕೆ ಮದರಾಸಿನ ಯೂನಿವರ್ಸಿಟಿಗಿಂತ ಮೊದಲು ಬಂದದ್ದು ಬಾಸೆಲಿನ ಸಮಿತಿ. ೧೮೩೪ರಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಿಷನರಿಗಳು ಮಂಗಳೂರಿಗೆ ಬಂದರು. ಎರಡು ವರ್ಷಗಳ ತರುವಾಯ ಹರ್ಮನ್ ಮೋಗ್ಲಿಂಗ್ ಬಂದರು. ೧೮೪೩ರ ಜುಲೈ ೧ರಂದು ಹೊರಟ 'ಮಂಗಳೂರ ಸಮಾಚಾರ'ದ ಸಂಪಾದಕರೆಂದು ಕನ್ನಡಿಗರೆಲ್ಲರಿಗೂ ಅವರ ಪರಿಚಯವಿದೆ. ಬಲ್ಮಠದ ಸೆಮಿನರಿಯ ಆರಂಭವನ್ನು ೧೮೪೭ರಿಂದ ಗಣಿಸುವುದು ವಾಡಿಕೆ. ಮದರಾಸು ವಿಶ್ವವಿದ್ಯಾನಿಲಯಕ್ಕಿಂತ ಅದು ಹತ್ತು ವರ್ಷ ಹಿರಿಯದೆಂಬುದನ್ನು ವಾಚಕರು ಗಮನಿಸಬೇಕು.

ಈ ಸೆಮಿನರಿಯ ಆಡಳಿತದ ಸೂತ್ರ ಬಾಸೆಲಿನಲ್ಲಿದ್ದಿತು. ಅಲ್ಲಿನ ಸಮಿತಿ, ಸಮಿತಿಯ ಕೈಕೆಳಗೆ ಇನ್‌ಸ್ಪೆಕ್ಟರ್, ಅವನ ಕೈಕೆಳಗೆ ದೂರದೇಶಗಳ ಮಿಷನರಿಗಳು, ಅವರ ಕೈಕೆಳಗೆ ದೇಶೀಯ ಉಪದೇಶಿಗಳು, ಎಲ್ಲರಿಗೂ ಕೆಳಗೆ ವಿದ್ಯಾರ್ಥಿಗಳು: ಇದು ಸೋಪಾನಕ್ರಮ. ೧೮೫೦ರಲ್ಲಿ ಇನ್‌ಸ್ಪೆಕ್ಟರ್ ಪದವಿಗೆ ಬಂದ ಯೋಸೆಫ್ ಯೋಸೆನ್‌ಹಾನ್ಸರು ೧೮೫೧-೫೨ರಲ್ಲಿ ಸ್ವತಃ ಭಾರತಕ್ಕೆ ಬಂದು ಠಾಣೆಗಳನ್ನೆಲ್ಲ ಪರಿಶೀಲಿಸಿದರು. ಅವರ ಕಾಲದಲ್ಲಿ ಈ ಕ್ರಮ ಇನ್ನಷ್ಟು ಬಿಗಿಯಾಯಿತು. ಠಾಣೆಯ ಮಿಷನರಿಗಳು ಸಭೆ ಸೇರಿ ಚರ್ಚಿಸುವ ಪದ್ಧತಿ ಇದ್ದಿತೆಂಬುದು ನಿಜ. ಆದರೆ ಸಭೆಯ ತೀರ್ಮಾನ ತೀರ್ಮಾನವಾಗಬೇಕಾದರೆ ಬಾಸೆಲಿನ ಒಪ್ಪಿಗೆ ಬೇಕು. ಸುಯೆಜ್ ಕಾಲುವೆ ತೆರೆದದ್ದು ೧೮೬೯ರಲ್ಲಿ. ಅದಕ್ಕೆ ಮೊದಲು ಒಂದು ಕಾಗದ ಹೋಗಿ ಉತ್ತರ ಬರುವಷ್ಟರಲ್ಲಿ ಮಳೆಗಾಲ ಬಂದು ಮುಗಿದರೂ ಆಶ್ಚರ್ಯವಿರಲಿಲ್ಲ. ಮಿಷನರಿಯೊಬ್ಬನು ಮದುವೆಯಾಗಬೇಕಾದರೂ ಸಮಿತಿಯ ಅನುಮತಿ ಪಡೆಯಬೇಕಾಗಿದ್ದಿತು. ಎಷ್ಟೋ ಸಲ ವಧುವೂ ಅಲ್ಲಿಂದಲೇ ನಿಶ್ಚಯವಾಗಿ ಹಡಗಿನಲ್ಲಿ ಬರುತ್ತಿದ್ದಳು. ಗುರುವಿನ ಮನೆವಾರ್ತೆಯೇ ಹೀಗೆ ದೂರದಿಂದ ನಡೆಯುತ್ತಿದ್ದಾಗ ಶಿಷ್ಯನ ಪಾಡನ್ನು ಹೇಳಬೇಕಾದುದಿಲ್ಲ.

ಈ ಬಿಗಿಯಿಂದ ಸಂಸ್ಥೆಗೆ ಹಾನಿಯಷ್ಟೇ ಆಯಿತೆಂದು ನಾವು ಹೇಳುವುದಿಲ್ಲ. ಮುದ್ರಣಾಲಯ, ನೇಯ್ಗೆ, ಹಂಚಿನ ಕಾರ್ಖಾನೆ, ಶಾಲೆಗಳು ಇವೆಲ್ಲ ಒಂದು ಶಿಸ್ತಿನಲ್ಲಿ ಬೆಳೆಯಲು ಅದು ಕಾರಣವಾಯಿತು. ಆದರೂ ಇಂದು ನಾವು ಕೃತಜ್ಞತೆಯಿಂದ ನೆನೆಯುವ ಕೆಲವು ಕಾರ್ಯಗಳು ಆ ಸೋಪಾನದ ಹೊರಗೆ ನಡೆದವೆಂಬುದು ಗಮನಾರ್ಹ. ಪ್ರಾಚೀನ ಕನ್ನಡ ಕಾವ್ಯಗಳನ್ನು ಕಲ್ಲಚ್ಚಿನಲ್ಲಿ ಹೊರತಂದ 'ಬಿಬ್ಲಿಯೋಥೆಕಾ ಕರ್ನಾಟಿಕಾ' ಮಾಲೆಗೆ ಹಣವನ್ನು ಒದಗಿಸಿದವರು ನಿವೃತ್ತ ನ್ಯಾಯಾಧೀಶರಾದ ಕ್ಯಾಸಮೇಜರ್ ಎಂಬವರು, ಬಾಸೆಲಿನ ಸಮಿತಿಯಲ್ಲ. ಆ ಕಾರ್ಯಕ್ಕಾಗಿಯೇ ೧೮೫೮ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯ ಮೋಗ್ಲಿಂಗರಿಗೆ ಗೌರವ ಡಾಕ್ಟರೇಟನ್ನು ಕೊಟ್ಟಿತು. ಅಷ್ಟು ಹೊತ್ತಿಗೆ ಅವರು ಬಲ್ಮಠದಲ್ಲಿರಲಿಲ್ಲ. ಕೊಡಗಿನಿಂದ ಬಂದ ಅಲ್ಮಂಡ ಸೋಮಯ್ಯನ ಒತ್ತಾಯಕ್ಕೆ ಒಳಗಾಗಿ, ಸಮಿತಿಯ ಅಪ್ಪಣೆಗೆ ಕಾಯದೆ ೧೮೫೩ರಲ್ಲಿ ಕೊಡಗಿಗೆ ಹೊರಟುಹೋಗಿದ್ದರು. ಸೆಮಿನರಿಯನ್ನು ಕಟ್ಟಿದ ಗುರುವಿಗೇ ತನ್ನ ಮಾತು ನಡೆಯಬೇಕಾದರೆ ಎದ್ದು ಹೋಗುವ ದಾರಿಯೊಂದೇ ಉಳಿಯಿತೆಂಬುದು ಅರ್ಥಗರ್ಭಿತವಾದ ಸಂಗತಿ. ಈ ದಾರಿಯನ್ನು ಮುಂದೆ ಇದೇ ಊರಿನಲ್ಲಿ ಇನ್ನೊಬ್ಬರು ಹಿಡಿದುದನ್ನು ಕಾಣುತ್ತೇವೆ.

ದೇಶೀಯ ಅಧ್ಯಾಪಕರ ಮಾತು ಬಂದಾಗ ಆನಂದರಾವ್ ಕೌಂಡಿನ್ಯರನ್ನು ಮರೆಯುವಂತಿಲ್ಲ. ಮಂಗಳೂರಿನ ಸಾರಸ್ವತ ಬ್ರಾಹ್ಮಣ ಕುಲದಲ್ಲಿ ಹುಟ್ಟಿ, ೧೮೪೪ರಲ್ಲಿ ಕ್ರೈಸ್ತರಾಗಿ, ಬಾಸೆಲಿನಲ್ಲಿ ಓದಿ, ೧೮೫೧ರಲ್ಲಿ ದೀಕ್ಷೆ ಹೊಂದಿ ಮರಳಿ ಬಂದ ಇವರು ಇಲ್ಲಿನ ತರುಣರಿಗೆ ಪಾಠ ಹೇಳಿದರು. ಬಾಸೆಲ್ ಮಿಷನ್ನಿನ ದೀಕ್ಷೆ ಪಡೆದ ಮೊದಲ ಭಾರತೀಯರು ಇವರೇ. ಸ್ಥಳದ ಭಾಷೆ, ಸ್ಥಳದ ಜನ, ಬಾಸೆಲಿನ ವಿದ್ಯೆ ಮೂರನ್ನೂ ಬಲ್ಲವರು ಅಂದಿನ ಬಲ್ಮಠದಲ್ಲಿ ಇವರಷ್ಟು ಇನ್ನಾರಿದ್ದರು? ಆದರೆ ಅವರ ಪ್ರತಿಷ್ಠೆ ಅವರ ಬೆನ್ನ ಹಿಂದಿನವರಿಗೆ ಬಾಗಿಲಾಗಲಿಲ್ಲ. ಅವರು ಬಹುಕಾಲ ಅಪವಾದವಾಗಿಯೇ ಉಳಿದರು. ಬಾಗಿಲು ತೆರೆದುದು ವಾದದಿಂದಲ್ಲ, ಯುದ್ಧದಿಂದ. ಮೊದಲನೆಯ ಮಹಾಯುದ್ಧದಲ್ಲಿ ಜರ್ಮನ್ ಮಿಷನರಿಗಳು ಬಂಧನದಲ್ಲಿಟ್ಟು ಹಿಂದಕ್ಕೆ ಕಳುಹಿಸಲ್ಪಟ್ಟರು. ಮಿಷನ್ನಿನ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು. ಆಜ್ಞೆ ಕಳುಹಿಸುವವರೊಡನೆ ಸಂಪರ್ಕವೇ ಕಡಿದಾಗ ಹೊಣೆಯ ದೊಡ್ಡ ಭಾಗ ಸ್ಥಳೀಯ ಸಭೆಯ ಹಿರಿಯರ ಹೆಗಲಿಗೆ ಬಿದ್ದಿತು. ಪಾಲು ಕೇಳಿ ಪಡೆದದ್ದಲ್ಲ. ಕೊಡುವವರು ಇಲ್ಲದಾದಾಗ ತಾನಾಗಿ ಬಂದದ್ದು.

ಇದೇ ಅವಧಿಯಲ್ಲಿ ಬಲ್ಮಠದ ಸುತ್ತಣ ಮಂಗಳೂರು ಮದರಾಸಿನ ಯೂನಿವರ್ಸಿಟಿಯ ವ್ಯಾಪ್ತಿಗೆ ಸೇರಿದ್ದಿತು. ೧೮೬೮ರಲ್ಲಿ ಆರಂಭವಾದ ಸರ್ಕಾರಿ ಶಾಲೆ ಮುಂದೆ ಸರ್ಕಾರಿ ಕಾಲೇಜಾಯಿತು. ೧೮೮೦ರಲ್ಲಿ ಸಂತ ಅಲೋಶಿಯಸ್, ೧೯೨೧ರಲ್ಲಿ ಹೆಣ್ಣುಮಕ್ಕಳಿಗಾಗಿ ಸಂತ ಆಗ್ನೆಸ್ ಕಾಲೇಜುಗಳು ಸ್ಥಾಪನೆಯಾದವು. ೧೮೫೭ರ ಕಾನೂನಿನ ಪ್ರಕಾರ ಮದರಾಸಿನ ಸೆನೆಟ್ ಸರ್ಕಾರ ನೇಮಿಸಿದ ಫೆಲೋಗಳ ಕೂಟ. ಅದರಲ್ಲಿ ಅಧಿಕಾರಿಗಳು, ನ್ಯಾಯಾಧೀಶರು, ಗೌರವಕ್ಕಾಗಿ ಸೇರಿಸಿದ ಗಣ್ಯರು ಇದ್ದರು. ಪಾಠ ಹೇಳುವವನು ಪಾಠ ಹೇಳುವವನೆಂಬ ಕಾರಣಕ್ಕಾಗಿ ಅಲ್ಲಿ ಕೂರುವ ಹಕ್ಕು ಇರಲಿಲ್ಲ. ಕರ್ಜನ್ ಪ್ರಭುವಿನ ೧೯೦೪ರ ಕಾನೂನು ಸೆನೆಟನ್ನು ಕಿರಿದು ಮಾಡಿ, ನೋಂದಾಯಿತ ಪದವೀಧರರಿಗೆ ಕೆಲವು ಸದಸ್ಯರನ್ನು ಚುನಾಯಿಸುವ ಅಧಿಕಾರ ಕೊಟ್ಟಿತು. ಸರ್ಕಾರದ ಹಿಡಿತವನ್ನು ಬಲಪಡಿಸಲು ಬಂದ ಕಾನೂನೆಂದು ಆ ಕಾಲದ ರಾಷ್ಟ್ರೀಯರು ಅದನ್ನು ಖಂಡಿಸಿದರು; ಖಂಡನೆ ನ್ಯಾಯವಾದದ್ದೇ. ಆದರೂ ಚುನಾವಣೆಯೆಂಬ ಮಾತು ಹೀಗೆ ಹಿಂಬಾಗಿಲಿನಿಂದ ಒಳಗೆ ಬಂದಿತು. ೧೯೨೩ರ ಮದರಾಸು ಅಧಿನಿಯಮವು ವಿದ್ಯಾವಿಷಯಕ ಪರಿಷತ್ತನ್ನು ಪ್ರತ್ಯೇಕವಾಗಿ ನಿರ್ಮಿಸಿದಾಗ ಪಾಠಪ್ರವಚನದ ವಿಷಯಗಳಲ್ಲಿ ಅಧ್ಯಾಪಕರ ಮಾತಿಗೆ ನೆಲೆಯೊಂದು ದೊರೆಯಿತು.

ಮಂಗಳೂರಿನ ಅಧ್ಯಾಪಕನಿಗೆ ಇದರ ಪ್ರಯೋಜನ ಎಷ್ಟು? ಈ ಊರಿಗೆ ರೈಲು ಬಂದದ್ದು ೧೯೦೭ರಲ್ಲಿ. ಅದಕ್ಕೂ ಮೊದಲು ಮದರಾಸಿಗೆ ಹೋಗುವವನು ದೋಣಿಯಲ್ಲೋ ಹಡಗಿನಲ್ಲೋ ಮಲೆಯಾಳದ ಕರೆಗೆ ಹೋಗಿ ರೈಲು ಹಿಡಿಯಬೇಕಿತ್ತು. ರೈಲು ಬಂದ ಮೇಲೂ ಸಭೆಯೊಂದಕ್ಕೆ ಹೋಗಿಬರುವುದು ಹಲವು ದಿನಗಳ ಕೆಲಸ. ಅದಲ್ಲದೆ ಅಧ್ಯಾಪಕರಲ್ಲಿಯೇ ಮೇಲುಕೀಳು ಇದ್ದಿತು. ದೇಶಭಾಷೆಗಳನ್ನು ಕಲಿಸುವವರಿಗೆ ಪಂಡಿತರೆಂಬ ಗೌರವದ ಹೆಸರಿದ್ದರೂ ದರ್ಜೆಯಲ್ಲಿ, ಸಂಬಳದಲ್ಲಿ ಅವರು ಇಂಗ್ಲಿಷ್ ಪ್ರಾಧ್ಯಾಪಕರಿಗಿಂತ ಕೆಳಗಿನವರು. ಸರ್ಕಾರಿ ಕಾಲೇಜಿನಲ್ಲಿ ಕನ್ನಡ ಕಲಿಸಿದ ಪಂಜೆ ಮಂಗೇಶರಾಯರು, ಸಂತ ಅಲೋಶಿಯಸ್ ಕಾಲೇಜಿನ ಮುಳಿಯ ತಿಮ್ಮಪ್ಪಯ್ಯನವರು ಇಂಥ ದರ್ಜೆಯಲ್ಲಿ ದುಡಿದವರ ಪೀಳಿಗೆಯವರೆಂಬುದನ್ನು ನೆನೆದರೆ, ಆ ಕಾಲದ ಅಧಿಕಾರಮಂಡಲಗಳಿಗೂ ನಿಜವಾದ ವಿದ್ವತ್ತಿಗೂ ಇದ್ದ ದೂರ ಎಷ್ಟೆಂಬುದು ತಿಳಿಯುತ್ತದೆ.

ವಿದ್ಯಾರ್ಥಿಯ ಮಟ್ಟಿಗೆ ೧೯೨೩ರ ಅಧಿನಿಯಮದಲ್ಲಿಯೂ ಏನೂ ಇರಲಿಲ್ಲ. ಅವನ ವಶದಲ್ಲಿದ್ದ ಏಕೈಕ ತೀರ್ಮಾನವೆಂದರೆ ಕಾಲೇಜನ್ನು ಬಿಡುವುದು. ೧೯೨೦ರ ಆಗಸ್ಟ್ ತಿಂಗಳಲ್ಲಿ ಗಾಂಧೀಜಿ ಮಂಗಳೂರಿಗೆ ಬಂದರು. ಅಸಹಕಾರದ ಕರೆ ಕಾಲೇಜುಗಳನ್ನು ಮುಟ್ಟಿತು. ಸರ್ಕಾರಿ ಕಾಲೇಜಿನ ವಿದ್ಯಾರ್ಥಿಯಾಗಿದ್ದ ಕೋಟದ ಶಿವರಾಮ ಕಾರಂತರು ಓದನ್ನು ಬಿಟ್ಟು ಹೊರಬಂದರು. ಹಿಂದೆ ಮೋಗ್ಲಿಂಗ್ ಹಿಡಿದ ದಾರಿಯೇ ಇದು. ಗುರುವಾದರೂ ಶಿಷ್ಯನಾದರೂ ಮಾತಿಗೆ ಸ್ಥಳವಿಲ್ಲದ ಕಡೆ ಕಾಲೇ ಮಾತಾಡುತ್ತದೆ.

ಪ್ರಸಂಗವಶಾತ್ ಒಂದು ಕಾಕತಾಳೀಯವನ್ನು ಹೇಳದಿರಲಾರೆವು. ಬಲ್ಮಠದ ಥಿಯಾಲಾಜಿಕಲ್ ಕಾಲೇಜಿಗೆ ಇಂದು ಪದವಿ ಕೊಡುವ ಸೆರಾಂಪುರಕ್ಕೆ ಡೆನ್ಮಾರ್ಕಿನ ದೊರೆ ೧೮೨೭ರಲ್ಲಿ ಸನ್ನದು ಕೊಟ್ಟಿದ್ದನು. ಆ ಸನ್ನದಿಗೆ ಬಂಗಾಳದ ಶಾಸನಸಭೆ ಹೊಸ ರೂಪ ಕೊಟ್ಟು, ಸೆನೆಟಿನ ಅಧಿಕಾರವನ್ನು ನಿರೂಪಿಸಿದ್ದು ೧೯೧೮ರಲ್ಲಿ. ಅದೇ ವರ್ಷ ದಕ್ಷಿಣ ಅಮೆರಿಕದ ಅರ್ಜೆಂಟೀನದ ಕೊರ್ಡೋಬ ನಗರದಲ್ಲಿ ವಿದ್ಯಾರ್ಥಿಗಳು ಹಳೆಯ ವಿಶ್ವವಿದ್ಯಾನಿಲಯದ ವಿರುದ್ಧ ದಂಗೆಯೆದ್ದು, ಆಡಳಿತದಲ್ಲಿ ತಮಗೂ ಪಾಲು ಬೇಕೆಂದು ಸಾಧಿಸಿಕೊಂಡರು. ಆ ಖಂಡದ ಅನೇಕ ವಿದ್ಯಾಪೀಠಗಳಲ್ಲಿ ಸಹ-ಆಡಳಿತವೆಂಬ ತತ್ತ್ವ ಬೇರೂರಿದ್ದು ಅಲ್ಲಿಂದ. ನಮ್ಮಲ್ಲಿ ಪಾಲು ಶಾಸನಸಭೆಯಿಂದ ಇಳಿದುಬಂತು; ಅಲ್ಲಿ ಬೀದಿಯಿಂದ ಏರಿಹೋಯಿತು. ಇಳಿದುಬಂದುದನ್ನು ಕೊಟ್ಟವರೇ ಹಿಂದಕ್ಕೆ ತೆಗೆದುಕೊಳ್ಳಬಲ್ಲರೆಂಬುದಕ್ಕೆ ಮುಂದಿನ ಚರಿತ್ರೆ ಸಾಕ್ಷಿ.

೧೯೫೬ರ ನವೆಂಬರ್ ೧ರಂದು ದಕ್ಷಿಣ ಕನ್ನಡ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಬಳಿಕ ಮಂಗಳೂರಿನ ಕಾಲೇಜುಗಳ ನಂಟು ಮದರಾಸಿನಿಂದ ಮೈಸೂರಿಗೆ ತಿರುಗಿತು. ಕಾಸರಗೋಡು ಕೇರಳಕ್ಕೆ ಹೋಯಿತು. ೧೯೬೫ರಲ್ಲಿ ಬಲ್ಮಠದ ಸೆಮಿನರಿ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಾಯಿತು. ೧೯೬೮ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರ ಮಂಗಳೂರಿನಲ್ಲಿ ಆರಂಭವಾಗಿ ಮುಂದೆ ಕೊಣಾಜೆಯ ಗುಡ್ಡದಲ್ಲಿ ಮಂಗಳಗಂಗೋತ್ರಿಯೆನಿಸಿತು. ೧೯೮೦ರ ಸೆಪ್ಟೆಂಬರ್ ೧೦ರಂದು ಅದೇ ಮಂಗಳೂರು ವಿಶ್ವವಿದ್ಯಾನಿಲಯವಾಗಿ, ಡಾ. ಬಿ. ಷೇಕ್ ಅಲಿಯವರು ಮೊದಲ ಕುಲಪತಿಗಳಾದರು. ಬಾಸೆಲಿನಿಂದ ಮದರಾಸಿಗೆ, ಅಲ್ಲಿಂದ ಮೈಸೂರಿಗೆ, ಮೈಸೂರಿನಿಂದ ಕೊಣಾಜೆಗೆ ಅಧಿಕಾರಸ್ಥಾನ ಒಂದೊಂದು ಹೆಜ್ಜೆಯಾಗಿ ಹತ್ತಿರ ಬಂದಿತು. ಹತ್ತಿರ ಬಂದಷ್ಟೂ ಪಾಲು ಹೆಚ್ಚುವುದೆಂದು ಜನ ನಿರೀಕ್ಷಿಸಿದ್ದು ಸಹಜ.

ಆ ನಿರೀಕ್ಷೆಗೆ ಆಧಾರವೂ ಇದ್ದಿತು. ಡಾ. ಡಿ. ಎಸ್. ಕೊಠಾರಿಯವರ ಅಧ್ಯಕ್ಷತೆಯ ಶಿಕ್ಷಣ ಆಯೋಗವು ೧೯೬೬ರಲ್ಲಿ ತನ್ನ ವರದಿಯನ್ನೊಪ್ಪಿಸಿ, ವಿಶ್ವವಿದ್ಯಾನಿಲಯಗಳ ಮಹಾಸಭೆಗಳಲ್ಲಿಯೂ ವಿದ್ಯಾವಿಷಯಕ ಪರಿಷತ್ತುಗಳಲ್ಲಿಯೂ ವಿದ್ಯಾರ್ಥಿಗಳ ಪ್ರತಿನಿಧಿಗಳನ್ನು ಸೇರಿಸಿಕೊಳ್ಳಬೇಕೆಂದು ಸೂಚಿಸಿತ್ತು. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗ ನೇಮಿಸಿದ ಗಜೇಂದ್ರಗಡ್ಕರ್ ಸಮಿತಿಯೂ ೧೯೭೧ರ ತನ್ನ ವರದಿಯಲ್ಲಿ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡಿತು. ಪ್ಯಾರಿಸಿನ ೧೯೬೮ರ ವಿದ್ಯಾರ್ಥಿ ಕ್ಷೋಭೆಯ ನೆನಪು ಆಗ ಹಸಿಯಾಗಿದ್ದಿತು. ೧೯೭೬ರ ಕರ್ನಾಟಕ ರಾಜ್ಯ ವಿಶ್ವವಿದ್ಯಾನಿಲಯಗಳ ಅಧಿನಿಯಮವು ಸೆನೆಟೆಂಬ ವಿಶಾಲ ಸಭೆಯನ್ನು ಉಳಿಸಿಕೊಂಡಿತು; ಮಂಗಳೂರು ವಿಶ್ವವಿದ್ಯಾನಿಲಯ ಹುಟ್ಟಿದ್ದೂ ಇದೇ ಕಾನೂನಿನ ನೆರಳಿನಲ್ಲಿ. ಅಧ್ಯಾಪಕರೂ ಪದವೀಧರರೂ ಚುನಾವಣೆಯ ಮೂಲಕ ಸೆನೆಟಿಗೆ ಹೋದರು. ಜಿಲ್ಲೆಯ ಕಾಲೇಜು ಅಧ್ಯಾಪಕರ ಸಂಘವೂ ಬಲವಾಗಿ ಬೆಳೆಯಿತು. ಸೆನೆಟು ದೊಡ್ಡದು, ಅದರ ಕೂಟಗಳು ವಿರಳ, ಭಾಷಣ ಹೆಚ್ಚು, ಕೆಲಸ ಕಡಿಮೆ ಎಂಬ ಆಕ್ಷೇಪಣೆ ಆಗಲೇ ಇದ್ದಿತು. ಆಕ್ಷೇಪಣೆ ಪೂರ್ತಿ ಸುಳ್ಳೆಂದು ನಾವು ವಾದಿಸಲಾರೆವು. ಆದರೆ ವರ್ಷಕ್ಕೊಮ್ಮೆಯಾದರೂ ಆಯವ್ಯಯವನ್ನು ಹೊರಗಿನವರ ಮುಂದಿಟ್ಟು ಪ್ರಶ್ನೆಗೆ ಉತ್ತರಿಸಬೇಕಾದ ಭಯ ಅಧಿಕಾರದಲ್ಲಿದ್ದವರಿಗೆ ಒಳ್ಳೆಯದು.

೧೯೮೦ರ ದಶಕದ ಕೊನೆಯ ಹೊತ್ತಿಗೆ ಕಾಲೇಜುಗಳ ವಿದ್ಯಾರ್ಥಿಸಂಘಗಳ ನೇರ ಚುನಾವಣೆ ಕರ್ನಾಟಕದಲ್ಲಿ ನಿಂತಿತು. ಹೊಡೆದಾಟಗಳು ಅದಕ್ಕೆ ಕೊಟ್ಟ ಕಾರಣ. ಸುಪ್ರೀಂ ಕೋರ್ಟಿನ ಆದೇಶದಂತೆ ರಚಿತವಾದ ಲಿಂಗ್ಡೋ ಸಮಿತಿ ೨೦೦೬ರಲ್ಲಿ ಚುನಾವಣೆಯ ನಿಯಮಗಳನ್ನು ರೂಪಿಸಿಕೊಟ್ಟಿತಾದರೂ ಇಲ್ಲಿ ಹಿಂದಿನ ಸ್ಥಿತಿ ಮರುಕಳಿಸಲಿಲ್ಲ. ಕೆಲವು ಕಾಲೇಜುಗಳು ತಮ್ಮ ಮಟ್ಟಿಗೆ ವಿದ್ಯಾರ್ಥಿ ನಾಯಕರನ್ನು ಮತದಿಂದ ಆರಿಸುವುದುಂಟು. ಹಲವೆಡೆ ಅಂಕಗಳೇ ಮತ. ಹೀಗಿರುವಾಗ ೨೦೦೦ದ ಕರ್ನಾಟಕ ರಾಜ್ಯ ವಿಶ್ವವಿದ್ಯಾನಿಲಯಗಳ ಅಧಿನಿಯಮ ಬಂದು ಸೆನೆಟನ್ನೇ ತೆಗೆದುಹಾಕಿತು. ಸಿಂಡಿಕೇಟ್ ಉಳಿಯಿತು, ವಿದ್ಯಾವಿಷಯಕ ಪರಿಷತ್ತು ಉಳಿಯಿತು. ಸಿಂಡಿಕೇ‌ಟಿನಲ್ಲಿ ಸರ್ಕಾರವೂ ಕುಲಾಧಿಪತಿಗಳೂ ನಾಮಕರಣ ಮಾಡಿದವರ ಪ್ರಾಬಲ್ಯ. ಚುನಾಯಿತ ವಿದ್ಯಾರ್ಥಿಗೆ ಅಲ್ಲಿ ಸ್ಥಳವಿಲ್ಲ. ಒಂದು ನೂರು ವರ್ಷಗಳಿಗೆ ಹಿಂದೆ ಕರ್ಜನ್ನನ ಕಾನೂನು ಅರೆಮನಸ್ಸಿನಿಂದ ಕೊಟ್ಟ ಮತವನ್ನು ಸ್ವತಂತ್ರ ರಾಜ್ಯದ ಶಾಸನಸಭೆ ಸದ್ದಿಲ್ಲದೆ ಹಿಂದೆಗೆದುಕೊಂಡಿತೆಂದರೆ ಕಠೋರವಾದೀತು, ಸುಳ್ಳಾಗಲಾರದು.

ಬಲ್ಮಠದಿಂದ ದಕ್ಷಿಣಕ್ಕೆ ಹೊರಟರೆ ತಲಪಾಡಿಯಲ್ಲಿ ರಾಜ್ಯದ ಗಡಿ. ಅಲ್ಲಿಂದ ಮುಂದೆ ಮಂಜೇಶ್ವರ, ಕುಂಬಳೆ ದಾಟಿ ಸುಮಾರು ೫೦ ಕಿಲೋಮೀಟರು ಕ್ರಮಿಸುವಷ್ಟರಲ್ಲಿ ಕಾಸರಗೋಡು. ಅಲ್ಲಿನ ಸರ್ಕಾರಿ ಕಾಲೇಜು ೧೯೫೭ರಲ್ಲಿ ಆರಂಭವಾಯಿತು. ಅಲ್ಲಿ ಕನ್ನಡ ಸ್ನಾತಕೋತ್ತರ ತರಗತಿಯೂ ಇದೆ. ಈಗ ಅದು ೧೯೯೬ರಲ್ಲಿ ಸ್ಥಾಪಿತವಾದ ಕಣ್ಣೂರು ವಿಶ್ವವಿದ್ಯಾನಿಲಯಕ್ಕೆ ಸೇರಿದೆ. ಕೇರಳದ ಕಾನೂನಿನಲ್ಲಿ ಸೆನೆಟ್ ಉಳಿದಿದೆ. ಅದರಲ್ಲಿ ಚುನಾಯಿತ ವಿದ್ಯಾರ್ಥಿಗಳಿಗೆ ಸ್ಥಾನವಿದೆ. ಕಾಲೇಜುಕಾಲೇಜುಗಳಿಂದ ಆರಿಸಿ ಬಂದವರು ವಿಶ್ವವಿದ್ಯಾನಿಲಯದ ವಿದ್ಯಾರ್ಥಿಸಂಘವನ್ನು ರಚಿಸುತ್ತಾರೆ. ಒಂದೇ ಭಾಷೆಯ, ಎಷ್ಟೋ ಸಲ ಒಂದೇ ಬಂಧುಬಳಗದ ಇಬ್ಬರು ಸೋದರಸಂಬಂಧಿಗಳಲ್ಲಿ ಕಾಸರಗೋಡಿನಲ್ಲಿ ಓದುವವಳಿಗೆ ಮತವಿದೆ, ಬಲ್ಮಠದಲ್ಲಿ ಓದುವವಳಿಗೆ ಇಲ್ಲ. ಇದಕ್ಕೆ ಕಾರಣ ಅವರಿಬ್ಬರ ಯೋಗ್ಯತೆಯ ಅಂತರವಲ್ಲ, ೧೯೫೬ರಲ್ಲಿ ಎಳೆದ ಗೆರೆ. ಕೇರಳದ ಕಾಲೇಜು ಚುನಾವಣೆಗಳ ಮೇಲೆ ರಾಜಕೀಯ ಪಕ್ಷಗಳ ನೆರಳು ದಟ್ಟವಾಗಿರುವುದನ್ನೂ, ಮುಷ್ಕರಗಳಲ್ಲಿ ಪಾಠದ ದಿನಗಳು ಕಳೆದುಹೋದುದನ್ನೂ ನಾವು ಬಲ್ಲೆವು. ಹಾಗೆಂದು ಪಕ್ಷಗಳ ನೆರಳಿಲ್ಲದ ನಾಮಕರಣವೊಂದನ್ನು ತೋರಿಸಿಕೊಡಿರೆಂದು ಯಾರಾದರೂ ಕೇಳಿದರೆ ಉತ್ತರಿಸುವುದು ಸುಲಭವಲ್ಲ.

ಹಾಗಾದರೆ ಬಲ್ಮಠದ ವಿದ್ಯಾರ್ಥಿನಿಗೆ ಈಗ ಏನಿದೆ? ಕಾಲೇಜಿನ ಆಂತರಿಕ ಗುಣಮಟ್ಟ ಭರವಸಾ ಕೋಶದಲ್ಲಿ ವಿದ್ಯಾರ್ಥಿಗಳ ಪರವಾಗಿ ನಾಮಕರಣಗೊಂಡ ಪ್ರತಿನಿಧಿಗೆ ಅವಕಾಶವಿದೆ. ಧನಸಹಾಯ ಆಯೋಗದ ೨೦೨೩ರ ನಿಯಮಗಳಂತೆ ರಚಿತವಾಗುವ ಕುಂದುಕೊರತೆ ಸಮಿತಿಯಲ್ಲಿ ವಿದ್ಯಾರ್ಥಿಯೊಬ್ಬರು ವಿಶೇಷ ಆಹ್ವಾನಿತರು. ಪಾಠ ಹೇಗಾಯಿತೆಂದು ಅಭಿಪ್ರಾಯ ಬರೆದುಕೊಡುವ ನಮೂನೆಯೂ ಇದೆ. ಇವು ಉಪಯುಕ್ತವಲ್ಲವೆಂದಲ್ಲ. ಆದರೆ ಇವೆಲ್ಲ ತೀರ್ಮಾನವಾದ ತರುವಾಯದ ಮಾತುಗಳು. ಅಧ್ಯಾಪಕನ ಸ್ಥಿತಿ ಸ್ವಲ್ಪ ಮೇಲು. ಅವನಿಗೆ ಅಧ್ಯಯನ ಮಂಡಳಿಯಿದೆ. ಕಾಲೇಜಿನ ಅಧ್ಯಾಪಕರು ಕುಳಿತು ಯಾವ ಕಾವ್ಯಭಾಗ, ಯಾವ ಚರಿತ್ರೆಯ ಕಾಲಖಂಡ, ಎಷ್ಟು ಘಟಕ ಎಂದು ನಿರ್ಧರಿಸುವ ಈ ಸಣ್ಣ ಮಂಡಳಿಯ ಹೆಸರು ಪತ್ರಿಕೆಗಳಲ್ಲಿ ಕಾಣುವುದಿಲ್ಲ. ನಮ್ಮ ತಿಳಿವಳಿಕೆಯಲ್ಲಿ ಸೆನೆಟಿನ ಆಸನಗಳೆಲ್ಲವನ್ನೂ ಕೂಡಿಸಿದುದಕ್ಕಿಂತ ಹೆಚ್ಚಿನ ಪಾಲು ಅಧ್ಯಾಪಕನಿಗೆ ದೊರೆತಿರುವುದು ಇಲ್ಲಿ. ತೂಗಬೇಕಾದ ವಿಷಯ ಇಲ್ಲಿ ಮೇಜಿನ ಮೇಲಿರುತ್ತದೆ.

ಅದಕ್ಕೂ ಚೌಕಟ್ಟು ಹೊರಗಿನದು. ೨೦೨೧-೨೨ರಲ್ಲಿ ಕರ್ನಾಟಕ ಸರ್ಕಾರ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಪದವಿ ತರಗತಿಗಳಿಗೆ ಅನ್ವಯಿಸಿ ನಾಲ್ಕು ವರ್ಷಗಳ ಆನರ್ಸ್ ಪದವಿಗೆ ದಾರಿ ಮಾಡಿತು. ಅಧ್ಯಯನ ಮಂಡಳಿಗಳು ಅವಸರ ಅವಸರವಾಗಿ ಹೊಸ ಪಠ್ಯಕ್ರಮ ಸಿದ್ಧಪಡಿಸಿದವು. ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿಯನ್ನನುಸರಿಸಿ ೨೦೨೪-೨೫ರಿಂದ ಮೂರು ವರ್ಷಗಳ ಪದವಿ ಮತ್ತೆ ಬಂದಿತು. ಮಂಡಳಿಗಳು ಇನ್ನೊಮ್ಮೆ ಕುಳಿತವು. ಎರಡು ಸಲವೂ ವರ್ಷವೆಷ್ಟೆಂಬ ಪ್ರಶ್ನೆ ಅವುಗಳ ಮುಂದೆ ಬರಲಿಲ್ಲ. ಬಂದದ್ದು ಆ ವರ್ಷಗಳನ್ನು ತುಂಬುವ ಕೆಲಸ. ಆ ಶೈಕ್ಷಣಿಕ ವರ್ಷದಲ್ಲಿ ಸರ್ಕಾರಿ ಪದವಿ ಕಾಲೇಜೊಂದರ ಒಂದೇ ಹಜಾರದ ಒಂದು ಬಾಗಿಲಲ್ಲಿ ಮೊದಲ ವರ್ಷದವರಿಗೆ ಹೊಸ ಕ್ರಮ, ಪಕ್ಕದ ಬಾಗಿಲಲ್ಲಿ ಎರಡನೆಯ ಮತ್ತು ಮೂರನೆಯ ವರ್ಷದವರಿಗೆ ಅದಕ್ಕೆ ಹಿಂದಿನದು. ಎರಡೂ ಕೊಠಡಿಗಳಿಗೆ ಹೋಗಿ ಪಾಠ ಹೇಳಬೇಕಾದ ಅಧ್ಯಾಪಕಿ ಒಬ್ಬಳೇ.